ಉಲ್ಕೆಯ ಗೆರೆಯೇ ಥರ್ಮಾಮೀಟರ್: ಮೇಲಿನ ಗಾಳಿಯ ಚಳಿಯನ್ನು ರಾಡಾರ್ ಅಳೆಯುವುದು ಹೇಗೆ?

ರಾತ್ರಿ ಆಕಾಶದಲ್ಲಿ ಒಂದು ಚುಕ್ಕಿ ಸರ್ರನೆ ಜಾರಿ ಮಾಯವಾಗುವುದನ್ನು ನೀವೂ ನೋಡಿರುತ್ತೀರಿ. ಕಣ್ಣಿಗೆ ಕಾಣುವುದು ಅಷ್ಟೇ. ಆದರೆ ಆ ಚುಕ್ಕಿ ಹಾದುಹೋದ ದಾರಿಯಲ್ಲಿ, ನೆಲದಿಂದ ಸುಮಾರು 90 ಕಿಲೋಮೀಟರ್ ಮೇಲೆ, ಒಂದು ಗೆರೆ ಉಳಿದಿರುತ್ತದೆ. ವಿದ್ಯುತ್ ಕಣಗಳಿಂದ ತುಂಬಿದ ಗಾಳಿಯ ಗೆರೆ. ಊದುಬತ್ತಿಯ ಹೊಗೆಯ ಹಾಗೆ ಅದು ಅಗಲವಾಗುತ್ತಾ, ತೆಳುವಾಗುತ್ತಾ ಮಾಸಿಹೋಗುತ್ತದೆ. ರಾಡಾರ್ ಕಣ್ಣಿಗೆ ಅದು ಮಾಸಲು ಹಿಡಿಯುವ ಸಮಯ ಹೆಚ್ಚುಕಡಿಮೆ ಸೆಕೆಂಡಿನ ಹತ್ತನೇ ಒಂದು ಭಾಗ. ಆ ಚಿಕ್ಕ ಸಮಯವನ್ನು ಸರಿಯಾಗಿ ಅಳೆದರೆ ಸಾಕು, ಅಲ್ಲಿನ ಗಾಳಿ ಎಷ್ಟು ತಣ್ಣಗಿದೆ ಎಂದು ಹೇಳಬಹುದು.

ಇದನ್ನು ಮೊದಲ ಸಲ ಓದಿದಾಗ ನನಗೆ ನಂಬುವುದಕ್ಕೇ ಆಗಲಿಲ್ಲ. ಥರ್ಮಾಮೀಟರ್ ಅಂದರೆ ಅಳೆಯಬೇಕಾದ ವಸ್ತುವಿಗೆ ತಾಗಿಕೊಂಡಿರಬೇಕು ಅಲ್ವಾ? ಇಲ್ಲಿ ನೆಲದ ಮೇಲೆ ನೆಟ್ಟ ಕೆಲವೇ ಆಂಟೆನಾಗಳು 90 ಕಿಲೋಮೀಟರ್ ಮೇಲಿನ ಚಳಿಯನ್ನು ಹೇಳುತ್ತವೆ. ಹಗಲಾಗಲಿ, ರಾತ್ರಿಯಾಗಲಿ, ಮೋಡ ಕವಿದಿರಲಿ, ಮಳೆ ಸುರಿಯಲಿ, ಯಾವುದೂ ಅಡ್ಡಿಯಲ್ಲ.

ಈ ಮಾತು ಈಗ ಯಾಕೆ ಮುಖ್ಯ? ನೆಲದ ಹತ್ತಿರದ ಗಾಳಿಯನ್ನು ಬಿಸಿ ಮಾಡುತ್ತಿರುವ ಇಂಗಾಲದ ಡೈಆಕ್ಸೈಡೇ ಮೇಲಿನ ವಾಯುಮಂಡಲವನ್ನು ತಣ್ಣಗೆ ಮಾಡುತ್ತಿದೆ. ಅದು ಎಷ್ಟು ಬೇಗ ತಣ್ಣಗಾಗುತ್ತಿದೆ ಎಂಬುದಕ್ಕೂ ಬಾಹ್ಯಾಕಾಶದ ಕಸದ ಲೆಕ್ಕಕ್ಕೂ ನೇರ ನಂಟಿದೆ. ಇಷ್ಟು ವರ್ಷ ಭೂಮಿಯ ಸುತ್ತ ಆ ತಾಪಮಾನವನ್ನು ಅಳೆದುಕೊಟ್ಟ ಉಪಗ್ರಹಗಳಿಗೆ ಈಗ ವಯಸ್ಸಾಗಿದೆ. ನೆಲದ ರಾಡಾರ್‌ಗಳ ಮೇಲೆ ಭಾರ ಜಾಸ್ತಿಯಾಗಲಿದೆ. ಆದರೆ ಇಲ್ಲೊಂದು ತೊಡಕಿದೆ. ರಾಡಾರ್ ತಾಪಮಾನವನ್ನು ನೇರವಾಗಿ ಅಳೆಯುವುದಿಲ್ಲ. ಒಂದು ಸಂಗತಿಯನ್ನು ತಾನೇ ಅಳೆಯುತ್ತದೆ, ಇನ್ನೊಂದನ್ನು ಬೇರೆ ಕಡೆಯಿಂದ ಕೈಗಡ ತರುತ್ತದೆ, ಎರಡನ್ನೂ ಸೇರಿಸಿ ತಾಪಮಾನ ಹೇಳುತ್ತದೆ. ಆ ಕೈಗಡ ಬಹಳ ಮಟ್ಟಿಗೆ ಬರುತ್ತಿದ್ದದ್ದು ಅದೇ ಉಪಗ್ರಹಗಳಿಂದ.

ಯಾವುದೂ ನಿಲ್ಲದ ಎತ್ತರ

ಹವಾಮಾನ ಇಲಾಖೆಗಳು ದಿನವೂ ಹಾರಿಬಿಡುವ ಬಲೂನು ಸುಮಾರು 30-35 ಕಿಲೋಮೀಟರ್ ಏರಿ ಒಡೆಯುತ್ತದೆ. ಉಪಗ್ರಹಗಳು ಇನ್ನೂರು, ಮುನ್ನೂರು ಕಿಲೋಮೀಟರ್‌ಗಿಂತ ಕೆಳಗೆ ಹೆಚ್ಚು ದಿನ ನಿಲ್ಲಲಾರವು, ಗಾಳಿ ಅವುಗಳನ್ನು ಎಳೆದು ಬೀಳಿಸುತ್ತದೆ. ನಡುವಿನ ಜಾಗಕ್ಕೆ ಹೋಗಿಬರುವುದು ರಾಕೆಟ್ ಮಾತ್ರ. ಅದೂ ಕೆಲವು ನಿಮಿಷ. 90 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ನೆಲಮಟ್ಟದ ಐದು ಲಕ್ಷದಲ್ಲಿ ಒಂದು ಪಾಲಿನಷ್ಟು. ಬಲೂನನ್ನು ಎತ್ತಿ ಹಿಡಿಯುವಷ್ಟು ದಟ್ಟವಲ್ಲ, ಉಪಗ್ರಹವನ್ನು ಸುಮ್ನೆ ಬಿಡುವಷ್ಟು ತೆಳುವೂ ಅಲ್ಲ.

ಅಲ್ಲಿನ ಚಳಿಯೂ ವಿಚಿತ್ರವೇ. ಮೆಸೋಸ್ಫಿಯರ್ ಎಂಬ ಪದರ ಮುಗಿಯುವ ಆ ಎತ್ತರ, ಇಡೀ ವಾಯುಮಂಡಲದಲ್ಲೇ ಅತಿ ತಣ್ಣಗಿನ ಜಾಗ. ಧ್ರುವಗಳ ಮೇಲೆ ಅದು ಸೊನ್ನೆಗಿಂತ 140 ಡಿಗ್ರಿ ಸೆಲ್ಸಿಯಸ್ ಕೆಳಗೂ ಇಳಿಯುತ್ತದೆ. ಅದೂ ಚಳಿಗಾಲದಲ್ಲಲ್ಲ, ಇಪ್ಪತ್ತನಾಲ್ಕು ಗಂಟೆ ಬಿಸಿಲಿರುವ ಬೇಸಿಗೆಯಲ್ಲಿ! ಕೆಳಗಿನಿಂದ ಏರಿಬರುವ ಗಾಳಿಯ ಅಲೆಗಳು ಅಲ್ಲಿ ಮುರಿದು, ಗಾಳಿಯನ್ನು ಒಂದು ಧ್ರುವದಿಂದ ಇನ್ನೊಂದು ಧ್ರುವದ ಕಡೆಗೆ ತಳ್ಳುತ್ತವೆ. ಬೇಸಿಗೆಯ ಧ್ರುವದ ಮೇಲೆ ಗಾಳಿ ಮೇಲೇರುತ್ತದೆ, ಏರಿದಂತೆ ಹಿಗ್ಗುತ್ತದೆ, ಹಿಗ್ಗಿದಂತೆ ತಣ್ಣಗಾಗುತ್ತದೆ. ಚಳಿಗಾಲದ ಧ್ರುವದ ಮೇಲೆ ಇಳಿದು, ಒತ್ತಿಕೊಂಡು, ಬೆಚ್ಚಗಾಗುತ್ತದೆ. ಹಾಗಾಗಿ ಅಲ್ಲಿನ ತಾಪಮಾನ ಎಂದರೆ ಬಿಸಿಲಿನ ಲೆಕ್ಕ ಮಾತ್ರ ಅಲ್ಲ, ಇಡೀ ವಾಯುಮಂಡಲ ಹೇಗೆ ಓಡಾಡುತ್ತಿದೆ ಎಂಬುದರ ಲೆಕ್ಕ.

ಒಂದು ಪ್ರತಿಧ್ವನಿಯ ಹುಟ್ಟು ಸಾವು

ಉಲ್ಕೆಗಳಿಂದ ರಾಡಾರ್ ಅಲೆ ಮರಳಿ ಬರುತ್ತದೆ ಎಂದು ಗೊತ್ತಾದದ್ದು ಯುದ್ಧದ ಗಡಿಬಿಡಿಯಲ್ಲಿ. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ಬ್ರಿಟಿಷ್ ಸೇನೆಯ ರಾಡಾರ್‌ಗಳು ಜರ್ಮನಿಯ ವಿ-2 ಕ್ಷಿಪಣಿಗಳಿಗಾಗಿ ಆಕಾಶ ಕಾಯುತ್ತಿದ್ದವು. ಕ್ಷಿಪಣಿ ಇಲ್ಲದಾಗಲೂ ಅವುಗಳಲ್ಲಿ ಕ್ಷಣಮಾತ್ರದ ಸಂಕೇತಗಳು ಕಾಣಿಸುತ್ತಿದ್ದವು. ಅವು ಉಲ್ಕೆಗಳದ್ದು ಎಂದು ಜೇಮ್ಸ್ ಸ್ಟ್ಯಾನ್ಲಿ ಹೇ ಮತ್ತು ಜೊತೆಗಾರರು ಗುರುತಿಸಿದರು. 1946ರ ಅಕ್ಟೋಬರ್‌ನಲ್ಲಿ ದೊಡ್ಡ ಉಲ್ಕಾಮಳೆ ಬಂತು. ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್ ವೀಕ್ಷಣಾಲಯದಲ್ಲಿ ಬರ್ನಾರ್ಡ್ ಲವೆಲ್ ಅವರ ತಂಡ ಆಕಾಶದ ಗೆರೆಗಳನ್ನೂ ರಾಡಾರ್ ಸಂಕೇತಗಳನ್ನೂ ಜೊತೆಜೊತೆಗೇ ಎಣಿಸಿತು. ಆಮೇಲೆ ಅನುಮಾನ ಉಳಿಯಲಿಲ್ಲ.

ಈಗ ಒಂದೇ ಒಂದು ಪ್ರತಿಧ್ವನಿಯನ್ನು ಹತ್ತಿರದಿಂದ ನೋಡೋಣ.

ಮರಳಿನ ಕಣಕ್ಕಿಂತಲೂ ಚಿಕ್ಕದಾದ ಒಂದು ಧೂಳು ಸೆಕೆಂಡಿಗೆ 11ರಿಂದ 72 ಕಿಲೋಮೀಟರ್ ವೇಗದಲ್ಲಿ ಬಂದು ಗಾಳಿಗೆ ಬಡಿಯುತ್ತದೆ. ಕಾದು ಆವಿಯಾಗುತ್ತದೆ. ಅದರಿಂದ ಕಿತ್ತುಬಂದ ಅಣುಗಳು ಸುತ್ತಲಿನ ಗಾಳಿಗೆ ಡಿಕ್ಕಿ ಹೊಡೆದು ಎಲೆಕ್ಟ್ರಾನ್‌ಗಳನ್ನು ಕಳೆದುಕೊಳ್ಳುತ್ತವೆ. ಹೀಗೆ ಕಿಲೋಮೀಟರ್‌ಗಟ್ಟಲೆ ಉದ್ದದ ಎಲೆಕ್ಟ್ರಾನ್ ಗೆರೆಯೊಂದು ಮೂಡುತ್ತದೆ. ನೆಲದ ರಾಡಾರ್ ಸಾಮಾನ್ಯವಾಗಿ 30-40 ಮೆಗಾಹರ್ಟ್ಸ್‌ನ ಅಲೆಯನ್ನು ಇಡೀ ಆಕಾಶಕ್ಕೆ ಕಳಿಸುತ್ತಿರುತ್ತದೆ. ಅಲೆಯ ಉದ್ದ ಸುಮಾರು 8ರಿಂದ 10 ಮೀಟರ್. ಗೆರೆ ರಾಡಾರ್‌ನ ದೃಷ್ಟಿಗೆ ಸರಿಯಾಗಿ ಅಡ್ಡಲಾಗಿ ಬಿದ್ದರೆ ಮಾತ್ರ ಕನ್ನಡಿಯ ಹಾಗೆ ಅಲೆಯನ್ನು ವಾಪಸ್ ಕಳಿಸುತ್ತದೆ. ರಾಡಾರ್ ಪರದೆಯಲ್ಲಿ ಒಂದು ಕಡಿದಾದ ಏರು ಕಾಣಿಸುತ್ತದೆ. ಧೂಳು ಆ ಜಾಗವನ್ನು ದಾಟಿದ ಕ್ಷಣ ಅದು.

ಮರುಕ್ಷಣದಿಂದಲೇ ಇಳಿತ ಶುರು. ಗೆರೆ ಅಗಲವಾಗುತ್ತಿದೆ. ಅದು ತೆಳ್ಳಗಿದ್ದಾಗ ಎಲ್ಲ ಎಲೆಕ್ಟ್ರಾನ್‌ಗಳೂ ಒಂದೇ ತಾಳಕ್ಕೆ ಅಲೆಯನ್ನು ಹಿಂತಿರುಗಿಸುತ್ತಿದ್ದವು. ಅಗಲವಾದಂತೆ ಹತ್ತಿರದ ಅಂಚಿನಿಂದ ಬಂದ ಅಲೆಗೂ ದೂರದ ಅಂಚಿನಿಂದ ಬಂದ ಅಲೆಗೂ ತಾಳ ತಪ್ಪುತ್ತದೆ. ಒಂದನ್ನೊಂದು ಅಳಿಸಿಹಾಕುತ್ತವೆ. ಎಲೆಕ್ಟ್ರಾನ್‌ಗಳು ಎಲ್ಲೂ ಹೋಗಿಲ್ಲ, ಆದರೆ ಸದ್ದು ಅಡಗುತ್ತದೆ. ಈ ಇಳಿತ ಬಹಳ ಅಚ್ಚುಕಟ್ಟು. ಒಂದು ನಿರ್ದಿಷ್ಟ ಸಮಯಕ್ಕೊಮ್ಮೆ ಅರ್ಧ, ಮತ್ತೆ ಅಷ್ಟೇ ಸಮಯಕ್ಕೆ ಅದರ ಅರ್ಧ, ಹೀಗೆ. ಆ ಸಮಯವನ್ನು ಓದಿಕೊಂಡರೆ ಗೆರೆ ಎಷ್ಟು ವೇಗವಾಗಿ ಹರಡಿತು ಎಂಬುದು ಕೈಗೆ ಬರುತ್ತದೆ.

ಹರಡುವ ವೇಗ ಎರಡು ಸಂಗತಿಗಳ ಮೇಲೆ ನಿಂತಿದೆ. ಗಾಳಿ ಬಿಸಿಯಾಗಿದ್ದಷ್ಟೂ ಕಣಗಳು ಚುರುಕಾಗಿ ಓಡುತ್ತವೆ, ಬೇಗ ಹರಡುತ್ತವೆ. ಗಾಳಿ ತೆಳುವಾಗಿದ್ದಷ್ಟೂ ಅಡ್ಡ ಬರುವವರು ಕಡಿಮೆ, ಆಗಲೂ ಬೇಗ ಹರಡುತ್ತವೆ. ಲೆಕ್ಕದ ಮಾತಿನಲ್ಲಿ ಹೇಳಬೇಕೆಂದರೆ, ಹರಡುವ ವೇಗವು ತಾಪಮಾನದ ವರ್ಗವನ್ನು ಒತ್ತಡದಿಂದ ಭಾಗಿಸಿದಷ್ಟಕ್ಕೆ ಅನುಪಾತದಲ್ಲಿರುತ್ತದೆ. ಇಷ್ಟೇ ಇದರ ಗುಟ್ಟು. ವೇಗ ಗೊತ್ತು, ಒತ್ತಡ ಗೊತ್ತಿದ್ದರೆ ತಾಪಮಾನ ಸಿಕ್ಕಿತು.

ಆದರೆ ಆ ಎತ್ತರದ ಒತ್ತಡ ಯಾರಿಗೆ ಗೊತ್ತು?

ಕೈಗಡದ ಬೆಲೆ

ಒಂದು ಲೆಕ್ಕ ಮಾಡಿ ನೋಡೋಣ. 90 ಕಿಲೋಮೀಟರ್‌ನಲ್ಲಿ ನಿಜವಾದ ತಾಪಮಾನ 190 ಕೆಲ್ವಿನ್ ಎಂದಿಟ್ಟುಕೊಳ್ಳಿ. ಅಂದರೆ ಸುಮಾರು ಮೈನಸ್ 83 ಡಿಗ್ರಿ ಸೆಲ್ಸಿಯಸ್. ನಾವು ಕೈಗಡ ತಂದ ಒತ್ತಡದ ಅಂಕಿ ಶೇ 10ರಷ್ಟು ಜಾಸ್ತಿ ಇತ್ತು ಎನ್ನಿ. ತಾಪಮಾನ ವರ್ಗಮೂಲದಲ್ಲಿ ಬರುವುದರಿಂದ ತಪ್ಪು ಅರ್ಧಕ್ಕೆ ಇಳಿಯುತ್ತದೆ, ಸುಮಾರು ಶೇ 5. ಅಷ್ಟಾದರೂ 9 ಡಿಗ್ರಿ ಆಯಿತು! ನಾವು ಹುಡುಕುತ್ತಿರುವುದು ಹತ್ತು ವರ್ಷಕ್ಕೆ ಎರಡೋ ಮೂರೋ ಡಿಗ್ರಿಯ ಬದಲಾವಣೆಯನ್ನು.

ಎತ್ತರದ ತಪ್ಪು ಇನ್ನೂ ಜಾಸ್ತಿ ಕಾಡುತ್ತದೆ. ಆ ಭಾಗದಲ್ಲಿ ಸುಮಾರು 4 ಕಿಲೋಮೀಟರ್ ಮೇಲೇರಿದರೆ ಒತ್ತಡ ಅರ್ಧವಾಗುತ್ತದೆ. ಉಲ್ಕೆಯ ಎತ್ತರವನ್ನು ಒಂದು ಕಿಲೋಮೀಟರ್ ತಪ್ಪಾಗಿ ಗುರುತಿಸಿದರೆ ಒತ್ತಡದಲ್ಲಿ ಶೇ 15-20ರ ವ್ಯತ್ಯಾಸ ಬರುತ್ತದೆ. ಎತ್ತರ ತಿಳಿಯಲು ಸಾಮಾನ್ಯವಾಗಿ ಐದು ಆಂಟೆನಾಗಳನ್ನು ಕೂಡಿಸುವ ಗುರುತಿನ ಆಕಾರದಲ್ಲಿ ನೆಡುತ್ತಾರೆ. ಮರಳಿ ಬಂದ ಅಲೆ ಯಾವ ಆಂಟೆನಾಕ್ಕೆ ಎಷ್ಟು ಮೊದಲು ತಲುಪಿತು ಎಂಬ ಅತಿಸಣ್ಣ ವ್ಯತ್ಯಾಸದಿಂದ ದಿಕ್ಕು ಸಿಗುತ್ತದೆ. ಹೋಗಿಬರಲು ಹಿಡಿದ ಸಮಯದಿಂದ ದೂರ. ಎರಡೂ ಸೇರಿದರೆ ಎತ್ತರ. ದಿಕ್ಕಿನಲ್ಲಿ ಒಂದು ಡಿಗ್ರಿ ಹೆಚ್ಚುಕಡಿಮೆ ಆದರೂ ದೂರದ ಉಲ್ಕೆಯ ಎತ್ತರ ಕಿಲೋಮೀಟರ್‌ಗಟ್ಟಲೆ ತಪ್ಪುತ್ತದೆ.

ಹಾಗಿದ್ದರೂ ಈ ವಿಧಾನ ನಿಂತಿರುವುದು ಯಾಕೆ? ಲೆಕ್ಕಕ್ಕೆ ಸಿಗುವ ಉಲ್ಕೆಗಳ ರಾಶಿಯಿಂದ. ಒಂದು ಒಳ್ಳೆಯ ರಾಡಾರ್‌ಗೆ ದಿನಕ್ಕೆ ಸಾವಿರಗಟ್ಟಲೆ ಉಲ್ಕೆಗಳು ಸಿಗುತ್ತವೆ. ಬರಿಗಣ್ಣಿಗೆ ಕಾಣುವ ನಾಲ್ಕಾರರ ಮಾತಲ್ಲ ಇದು, ಎಂದೂ ಯಾರೂ ನೋಡದ ಧೂಳಿನ ಮಾತು. ಒಂದೊಂದರ ಅಳತೆ ಒರಟು. ಸಾವಿರ ಸೇರಿದಾಗ ಒರಟುತನ ಸವೆದು ಸರಾಸರಿ ನಯವಾಗುತ್ತದೆ. ಬೆಳಗಿನ ಜಾವ ಉಲ್ಕೆಗಳು ಜಾಸ್ತಿ, ಸಂಜೆ ಕಡಿಮೆ. ಬೆಳಗಿನ ಹೊತ್ತು ನಾವು ನಿಂತ ಜಾಗ ಭೂಮಿ ಓಡುವ ದಿಕ್ಕಿಗೇ ಮುಖ ಮಾಡಿರುತ್ತದೆ. ಮಳೆಯಲ್ಲಿ ಓಡುವವನ ಎದೆ ಬೆನ್ನಿಗಿಂತ ಜಾಸ್ತಿ ನೆನೆಯುವ ಹಾಗೆ. ಇದನ್ನು ಮರೆತು ದಿನದ ಸರಾಸರಿ ತೆಗೆದರೆ ಬೆಳಗಿನ ತಾಪಮಾನವೇ ಇಡೀ ದಿನದ್ದಾಗಿಬಿಡುತ್ತದೆ.

ಒತ್ತಡದ ಕೈಗಡ ಬೇಡವೇ ಬೇಡ ಎನ್ನುವ ದಾರಿಯೂ ಇದೆ. ಕೆನಡಾದ ವಿಜ್ಞಾನಿ ವೇಯ್ನ್ ಹಾಕಿಂಗ್ 1999ರಲ್ಲಿ ಅದನ್ನು ಮುಂದಿಟ್ಟರು. ಒಂದು ಎತ್ತರದ ಅಂಕಿಯನ್ನು ಹಿಡಿದು ಕೂರುವ ಬದಲು, ಎತ್ತರ ಏರಿದಂತೆ ಗೆರೆ ಮಾಸುವ ವೇಗ ಹೇಗೆ ಏರುತ್ತದೆ ಎಂಬ ಇಳಿಜಾರನ್ನು ನೋಡುವುದು. ಗಾಳಿ ಬಿಸಿಯಾಗಿದ್ದರೆ ಒತ್ತಡ ನಿಧಾನವಾಗಿ ಇಳಿಯುತ್ತದೆ, ತಣ್ಣಗಿದ್ದರೆ ಬೇಗ ಇಳಿಯುತ್ತದೆ. ಹಾಗಾಗಿ ಆ ಇಳಿಜಾರಿನಲ್ಲೇ ತಾಪಮಾನ ಅಡಗಿದೆ. ಸೊಗಸಾದ ಯೋಚನೆ. ಆದರೆ ಇಲ್ಲೂ ಒಂದು ಕೈಗಡ ತಪ್ಪಲಿಲ್ಲ. ಎತ್ತರದ ಜೊತೆ ತಾಪಮಾನ ತಾನೇ ಎಷ್ಟು ಏರಿಳಿಯುತ್ತದೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಅದು ಬರುವುದು ರಾಕೆಟ್, ಲೇಸರ್ ಅಥವಾ ಉಪಗ್ರಹದ ಹಳೆಯ ಅಳತೆಗಳಿಂದ.

ಇನ್ನೊಂದು ಮಿತಿಯನ್ನೂ ಹೇಳಬೇಕು. ಗೆರೆ ಮಾಸಲು ಹರಡುವುದೊಂದೇ ಕಾರಣ ಎಂದು ನಾವು ಒಪ್ಪಿಕೊಂಡಿದ್ದೇವೆ. 85 ಕಿಲೋಮೀಟರ್‌ಗಿಂತ ಕೆಳಗೆ ಹೋದಂತೆ ಅದು ಸುಳ್ಳಾಗತೊಡಗುತ್ತದೆ. ಅಲ್ಲಿ ಧೂಳು, ಹಿಮದ ಕಣಗಳು ಎಲೆಕ್ಟ್ರಾನ್‌ಗಳನ್ನು ಹೀರಿಕೊಂಡು ಗೆರೆಯನ್ನು ಬೇಗ ಅಳಿಸುತ್ತವೆ. ಸುಮಾರು 95 ಕಿಲೋಮೀಟರ್‌ಗಿಂತ ಮೇಲೆ ಭೂಮಿಯ ಕಾಂತಕ್ಷೇತ್ರ ಕಣಗಳ ಓಟಕ್ಕೆ ಕಡಿವಾಣ ಹಾಕುತ್ತದೆ. ನೆಚ್ಚಿಕೊಳ್ಳಬಹುದಾದ್ದು ನಡುವಿನ ಹತ್ತು ಕಿಲೋಮೀಟರ್ ಮಾತ್ರ. ಅದಕ್ಕೇ ಉಲ್ಕಾ ರಾಡಾರ್‌ನವರ ಪ್ರಬಂಧಗಳಲ್ಲಿ ಮತ್ತೆ ಮತ್ತೆ "90 ಕಿಲೋಮೀಟರ್" ಎಂಬ ಒಂದೇ ಎತ್ತರ ಕಾಣುವುದು.

ಉಲ್ಕೆಗಳು ಯಾವ ಎತ್ತರದಲ್ಲಿ ಎಷ್ಟು ಸಿಗುತ್ತವೆ ಎಂಬ ಹಂಚಿಕೆಯ ಅಗಲದಿಂದಲೂ ತಾಪಮಾನ ತೆಗೆಯುತ್ತಾರೆ. ಗಾಳಿ ತಣ್ಣಗಿದ್ದರೆ ಆ ಪಟ್ಟಿ ಕಿರಿದಾಗುತ್ತದೆ. ಸರಳ, ಕೈಗೆ ಸುಲಭ. ಆದರೆ ಅದನ್ನೂ ಮೊದಲು ಉಪಗ್ರಹದ ಅಂಕಿಗಳ ಜೊತೆ ಹೊಂದಿಸಿಕೊಳ್ಳಲೇಬೇಕು.

ಇನ್ನೂ ಮೇಲೆ: ಎಲೆಕ್ಟ್ರಾನ್‌ಗಳ ಗುಂಪು ದನಿ

ಉಲ್ಕೆಗಳ ಪಟ್ಟಿ ದಾಟಿ ನೂರು, ಮುನ್ನೂರು, ಐನೂರು ಕಿಲೋಮೀಟರ್‌ಗೆ ಹೋದರೆ ಬೇರೆಯದೇ ಉಪಾಯ ಬೇಕು. ಅಲ್ಲಿ ಸೂರ್ಯನ ನೇರಳಾತೀತ ಕಿರಣಗಳು ಗಾಳಿಯ ಅಣುಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತಿರುತ್ತವೆ. ಎಲೆಕ್ಟ್ರಾನ್ ಕಳೆದುಕೊಂಡು ಉಳಿದ ಕಣಗಳೇ ಅಯಾನುಗಳು, ಆ ಪದರವೇ ಅಯಾನುಗೋಳ. ತಾಪಮಾನ ಸಾವಿರ ಡಿಗ್ರಿಯನ್ನೂ ದಾಟುತ್ತದೆ. ಹಾಗೆಂದು ಅಲ್ಲಿ ಕೈಯಿಟ್ಟರೆ ಸುಡುವುದಿಲ್ಲ. ಒಂದೊಂದು ಕಣವೂ ಜೋರಾಗಿ ಓಡುತ್ತಿದೆ, ಆದರೆ ಕಣಗಳೇ ತೀರಾ ಕಡಿಮೆ. ತಾಪಮಾನ ಎಂದರೆ ಅಲ್ಲಿ ಓಟದ ವೇಗದ ಇನ್ನೊಂದು ಹೆಸರು.

1958ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿಲಿಯಂ ಗಾರ್ಡನ್ ಒಂದು ಧೈರ್ಯದ ಮಾತು ಹೇಳಿದರು. ಸಾಕಷ್ಟು ದೊಡ್ಡ ರಾಡಾರ್ ಇದ್ದರೆ ಆ ಬಿಡಿ ಎಲೆಕ್ಟ್ರಾನ್‌ಗಳು ಚೆದುರಿಸುವ ಅಲೆಯನ್ನೇ ಹಿಡಿಯಬಹುದು ಎಂದು. ಇದು ಎಷ್ಟು ಕಷ್ಟ ಎಂದು ಅಂದಾಜು ಮಾಡಿ. ಒಂದು ಎಲೆಕ್ಟ್ರಾನ್ ರಾಡಾರ್‌ಗೆ ಕಾಣುವ ಅಳತೆ ಒಂದು ಚದರ ಮೀಟರನ್ನು ಹತ್ತರ ಇಪ್ಪತ್ತೆಂಟನೇ ಘಾತದಿಂದ ಭಾಗಿಸಿದಷ್ಟು. ಮುನ್ನೂರು ಕಿಲೋಮೀಟರ್ ಎತ್ತರದಲ್ಲಿ ನೂರು ಘನ ಕಿಲೋಮೀಟರ್ ಜಾಗದಲ್ಲಿರುವ ಎಲ್ಲ ಎಲೆಕ್ಟ್ರಾನ್‌ಗಳನ್ನು ಒಟ್ಟು ಸೇರಿಸಿದರೂ ಸುಮಾರು ಹತ್ತು ಚದರ ಮಿಲಿಮೀಟರ್. ನಿಮ್ಮ ಕಿರುಬೆರಳಿನ ಉಗುರಿನ ಒಂದು ಮೂಲೆ! ಅಷ್ಟು ದೂರದಿಂದ ಅದನ್ನು ಕಾಣಬೇಕು. ಒಂದು ಮಿಡಿತದಲ್ಲಿ ಏನೂ ತಿಳಿಯದು, ಗದ್ದಲದಲ್ಲಿ ಮುಳುಗಿಹೋಗಿರುತ್ತದೆ. ಸಾವಿರಾರು ಮಿಡಿತಗಳ ಉತ್ತರವನ್ನು ಕೂಡಿಸುತ್ತಾ ಹೋಗಬೇಕು. ಹನಿ ಹನಿ ಗೂಡಿದರೆ ಹಳ್ಳ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಅದೇ ವರ್ಷ ಕೆನೆತ್ ಬೌಲ್ಸ್ ಇಲಿನಾಯ್‌ನಲ್ಲಿ 41 ಮೆಗಾಹರ್ಟ್ಸ್ ರಾಡಾರ್ ಬಳಸಿ ಆ ಸಂಕೇತವನ್ನು ಹಿಡಿದೇಬಿಟ್ಟರು. ಆದರೆ ಅದು ಗಾರ್ಡನ್ ಊಹಿಸಿದ ಹಾಗಿರಲಿಲ್ಲ. ಎಲೆಕ್ಟ್ರಾನ್‌ಗಳು ಬಹಳ ಜೋರಾಗಿ ಓಡುವುದರಿಂದ ಮರಳಿ ಬಂದ ಅಲೆಯ ಕಂಪನ ತುಂಬ ಅಗಲಕ್ಕೆ ಹರಡಿರುತ್ತದೆ ಎಂದು ಗಾರ್ಡನ್ ಲೆಕ್ಕ ಹಾಕಿದ್ದರು. ಬಂದದ್ದು ಅದಕ್ಕಿಂತ ತೀರಾ ಕಿರಿದು. ಯಾಕೆಂದರೆ ಎಲೆಕ್ಟ್ರಾನ್‌ಗಳು ತಮ್ಮಷ್ಟಕ್ಕೆ ಓಡಾಡುವುದಿಲ್ಲ. ಪಕ್ಕದ ಭಾರದ ಅಯಾನುಗಳು ಅವುಗಳನ್ನು ವಿದ್ಯುತ್ ಸೆಳೆತದಲ್ಲಿ ಹಿಡಿದಿಟ್ಟಿರುತ್ತವೆ. ಹೀಗಾಗಿ ರಾಡಾರ್‌ಗೆ ಕೇಳಿಸುವುದು ಎಲೆಕ್ಟ್ರಾನ್‌ಗಳ ದನಿಯಾದರೂ ತಾಳ ಹಾಕುವುದು ಅಯಾನುಗಳು. ಗಾರ್ಡನ್ ಅವರ ಮೊದಲ ಲೆಕ್ಕವನ್ನು ನಂಬಿಯೇ ಪೋರ್ಟೊ ರಿಕೊದ ಅರೆಸಿಬೊದಲ್ಲಿ 305 ಮೀಟರ್ ಅಗಲದ ಭಾರೀ ತಟ್ಟೆ ಕಟ್ಟಲು ಯೋಜಿಸಿದ್ದು. 1963ರಲ್ಲಿ ಅದು ಸಿದ್ಧವಾಯಿತು. ಅಷ್ಟು ದೊಡ್ಡದು ಬೇಕಿರಲಿಲ್ಲ ಎಂದು ಅಷ್ಟರಲ್ಲಿ ಗೊತ್ತಾಗಿತ್ತು. ಆದರೆ ಆ ಹೆಚ್ಚುವರಿ ಅಗಲವೇ ಮುಂದೆ ಅರೆಸಿಬೊಗೆ ಬೇರೆ ಯಾರಿಗೂ ಇಲ್ಲದ ಸೂಕ್ಷ್ಮ ಕಿವಿ ಕೊಟ್ಟಿತು.

ಈ ಸಂಕೇತದ ಆಕಾರದಲ್ಲಿ ಎರಡು ಭುಜಗಳಂಥ ಉಬ್ಬುಗಳಿರುತ್ತವೆ. ಒಟ್ಟು ಅಗಲ ಅಯಾನುಗಳ ತಾಪಮಾನ ಹೇಳುತ್ತದೆ. ಎರಡು ಉಬ್ಬುಗಳ ನಡುವಿನ ತಗ್ಗು ಎಷ್ಟು ಆಳ ಎಂಬುದು, ಎಲೆಕ್ಟ್ರಾನ್‌ಗಳು ಅಯಾನುಗಳಿಗಿಂತ ಎಷ್ಟು ಪಟ್ಟು ಬಿಸಿ ಎಂದು ಹೇಳುತ್ತದೆ. ಒಂದೇ ಗೆರೆಯಲ್ಲಿ ಎರಡು ಥರ್ಮಾಮೀಟರ್. ಪೆರುವಿನ ಹಿಕಮಾರ್ಕಾ, ಅಮೆರಿಕದ ಮಿಲ್‌ಸ್ಟೋನ್ ಹಿಲ್, ಉತ್ತರ ಯುರೋಪಿನ ಐಸ್ಕ್ಯಾಟ್ ರಾಡಾರ್‌ಗಳು ದಶಕಗಳಿಂದ ಇದೇ ಆಕಾರವನ್ನು ಓದುತ್ತಿವೆ.

ಇಲ್ಲಿಯ ಕೈಗಡ ಯಾವುದು ಗೊತ್ತೇ? ಅಯಾನಿನ ತೂಕ. ಸಂಕೇತದ ಅಗಲದಿಂದ ಸಿಗುವುದು ತಾಪಮಾನವನ್ನು ತೂಕದಿಂದ ಭಾಗಿಸಿದ ಸಂಖ್ಯೆ. ಮುನ್ನೂರು ಕಿಲೋಮೀಟರ್ ಮೇಲೆ ಹೆಚ್ಚಿನವು ಆಮ್ಲಜನಕದ ಬಿಡಿ ಅಯಾನುಗಳು, ತೂಕ 16. ನೂರಿಪ್ಪತ್ತು ಕಿಲೋಮೀಟರ್ ಹತ್ತಿರ ಹೆಚ್ಚಿನವು ಜೋಡಿ ಪರಮಾಣುಗಳ ಅಯಾನುಗಳು, ತೂಕ 30ರ ಆಸುಪಾಸು. ನಡುವೆ ಎರಡೂ ಬೆರೆತಿವೆ. ಆ ಬೆರಕೆಯ ಲೆಕ್ಕ ತಪ್ಪಿದರೆ ತಾಪಮಾನ ನೂರಾರು ಡಿಗ್ರಿ ಆಚೀಚೆ ಆಗುತ್ತದೆ.

ಮೇಲೆ ತಣ್ಣಗಾದರೆ ನಮಗೇನು?

ಇಂಗಾಲದ ಡೈಆಕ್ಸೈಡ್ ಒಂದೇ ಗುಣದಿಂದ ಕೆಳಗೆ ಬಿಸಿಯನ್ನೂ ಮೇಲೆ ಚಳಿಯನ್ನೂ ತರುತ್ತದೆ. ಅದು ಶಾಖದ ಕಿರಣವನ್ನು ಹೀರುತ್ತದೆ, ಹೊರಸೂಸುತ್ತದೆ. ಕೆಳಗೆ ಗಾಳಿ ದಟ್ಟ. ಒಂದು ಅಣು ಹೊರಬಿಟ್ಟ ಶಾಖವನ್ನು ಪಕ್ಕದ್ದು ಹಿಡಿಯುತ್ತದೆ, ಶಾಖ ಅಲ್ಲೇ ಸುತ್ತುತ್ತಿರುತ್ತದೆ. ನೂರು ಕಿಲೋಮೀಟರ್ ಮೇಲೆ ಪಕ್ಕದವರೇ ಇಲ್ಲ. ಬಿಡಿ ಆಮ್ಲಜನಕ ಬಂದು ಡಿಕ್ಕಿ ಹೊಡೆದಾಗ ಇಂಗಾಲದ ಡೈಆಕ್ಸೈಡ್ ಅಣು ನಡುಗುತ್ತದೆ, ಆ ನಡುಕವನ್ನು ಶಾಖದ ಕಿರಣವಾಗಿ ಬಿಡುತ್ತದೆ, ಕಿರಣ ನೇರ ಬಾಹ್ಯಾಕಾಶಕ್ಕೆ ಹೋಗುತ್ತದೆ. ಮತ್ತೆ ಬರುವುದಿಲ್ಲ. ಅಣುಗಳು ಜಾಸ್ತಿಯಾದಷ್ಟೂ ಶಾಖ ಜಾಸ್ತಿ ಸೋರುತ್ತದೆ. ಈ ಅನಿಲ ದುಪ್ಪಟ್ಟಾದರೆ ಮೇಲಿನ ಪದರಗಳು ಎಷ್ಟೊಂದು ತಣ್ಣಗಾಗುತ್ತವೆ ಎಂದು ರೇಮಂಡ್ ರೋಬಲ್ ಮತ್ತು ರಾಬರ್ಟ್ ಡಿಕಿನ್ಸನ್ 1989ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು.

ತಣ್ಣಗಾದ ಗಾಳಿ ಕುಗ್ಗುತ್ತದೆ. ಇಡೀ ಮೇಲಿನ ವಾಯುಮಂಡಲ ಕೆಳಗೆ ಕುಸಿಯುತ್ತದೆ. ಆಗ ನಾನೂರು ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಕಸಕ್ಕೆ ತಾಗುವ ಗಾಳಿ ಕಡಿಮೆಯಾಗುತ್ತದೆ. ಆ ಗಾಳಿಯೇ ಹಳೆಯ ಚೂರುಗಳನ್ನು ಎಳೆದು, ಕೆಳಗಿಳಿಸಿ, ಸುಟ್ಟುಹಾಕುತ್ತಿದ್ದದ್ದು. ಅದೊಂದೇ ನಮಗಿರುವ ಪುಕ್ಕಟೆ ಪೊರಕೆ. ಅದು ಸವೆಯುತ್ತಿದೆ. ಎಂಐಟಿ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಅನಿಲ ಹೊರಸೂಸುವಿಕೆ ಹೀಗೇ ಜೋರಾಗಿ ಮುಂದುವರಿದರೆ ಈ ಶತಮಾನದ ಕೊನೆಗೆ ಕೆಳಕಕ್ಷೆ ಸುರಕ್ಷಿತವಾಗಿ ಹೊರಬಲ್ಲ ಉಪಗ್ರಹಗಳ ಸಂಖ್ಯೆ ಅರ್ಧದಿಂದ ಮೂರನೇ ಎರಡು ಪಾಲಿನವರೆಗೆ ಕುಗ್ಗಬಹುದು.

ಉಲ್ಟಾ ಪೆಟ್ಟೂ ಇದೆ. 2022ರ ಫೆಬ್ರವರಿಯಲ್ಲಿ ಒಂದು ಸಾಧಾರಣ ಸೌರ ಬಿರುಗಾಳಿ ಮೇಲಿನ ಗಾಳಿಯನ್ನು ಕಾಯಿಸಿ ಉಬ್ಬಿಸಿತು. ಆಗಷ್ಟೇ ಹಾರಿಸಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಸುಮಾರು 40 ಹೆಚ್ಚಿದ ಎಳೆತ ತಾಳಲಾರದೆ ಬಿದ್ದು ಉರಿದುಹೋದವು. ಗಂಟೆಗಳಲ್ಲಿ ಆಗುವ ಬಿಸಿ, ದಶಕಗಳಲ್ಲಿ ಆಗುವ ತಂಪು, ಎರಡನ್ನೂ ಒಂದೇ ಜಾಗದಿಂದ ಬಿಡದೆ ನೋಡುತ್ತಾ ಇರಬಲ್ಲದ್ದು ನೆಲದ ರಾಡಾರ್.

ತಂಪಿನ ಗುರುತು ಸಿಕ್ಕಿದೆಯೇ? ಸಿಕ್ಕಿದೆ, ಆದರೆ ಎಷ್ಟು ಎಂಬಲ್ಲಿ ಜಗ್ಗಾಟವಿದೆ. ಉತ್ತರ ಧ್ರುವದ ಹತ್ತಿರದ ಸ್ವಾಲ್ಬಾರ್ಡ್‌ನಲ್ಲಿ 2001ರಿಂದ ಒಂದು ಉಲ್ಕಾ ರಾಡಾರ್ ಓಡುತ್ತಿದೆ. ಅದರ ಮೊದಲ ಹತ್ತು ವರ್ಷದ ದಾಖಲೆ, 90 ಕಿಲೋಮೀಟರ್‌ನಲ್ಲಿ ದಶಕಕ್ಕೆ ಸುಮಾರು 4 ಡಿಗ್ರಿ ಇಳಿಕೆ ತೋರಿಸಿತು. 2 ಡಿಗ್ರಿ ಆಚೀಚೆ. ನಾರ್ವೆಯ ಟ್ರಾಮ್ಸೋದ ರಾಡಾರ್ ಸುಮಾರು 2 ಡಿಗ್ರಿ ಎಂದಿತು. ಇಲ್ಲಿ ನಾನು ಅವಸರದ ತೀರ್ಮಾನಕ್ಕೆ ಒಪ್ಪಲಾರೆ. ಸೂರ್ಯನ ಚುರುಕು 11 ವರ್ಷಕ್ಕೊಮ್ಮೆ ಏರಿಳಿಯುತ್ತದೆ, ಆ ಏರಿಳಿತವೂ ಅಲ್ಲಿ ಡಿಗ್ರಿಗಟ್ಟಲೆ ವ್ಯತ್ಯಾಸ ತರುತ್ತದೆ. ಹತ್ತು ವರ್ಷದ ದಾಖಲೆಯಲ್ಲಿ ಯಾವುದು ಸೂರ್ಯನದ್ದು, ಯಾವುದು ನಮ್ಮದು ಎಂದು ಬಿಡಿಸುವುದು ಬಹಳ ಕಷ್ಟ. ಕಡಿಮೆ ಎಂದರೂ ಎರಡು ಸುತ್ತು, 22 ವರ್ಷ ಬೇಕು. ಇನ್ನೂ ಮೇಲಿನ ಕಥೆಯೂ ಇದೇ. ಮಿಲ್‌ಸ್ಟೋನ್ ಹಿಲ್‌ನ 1968ರಿಂದಿರುವ ದಾಖಲೆಯಲ್ಲಿ ಕಂಡ ತಂಪು, ಹಸಿರುಮನೆ ಅನಿಲಗಳ ಲೆಕ್ಕಕ್ಕಿಂತ ಬಹಳ ಜಾಸ್ತಿ. ಆ ಹೆಚ್ಚುವರಿಗೆ ಕಾರಣ ಏನು ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ.

ಕೊಂಡಿ ಕಳಚುವ ಮೊದಲು

ಈಗ ಮೊದಲಿನ ತೊಡಕಿಗೆ ಬರೋಣ. 90 ಕಿಲೋಮೀಟರ್‌ನ ತಾಪಮಾನ ಮತ್ತು ಒತ್ತಡವನ್ನು ಭೂಮಿಯ ಸುತ್ತ ಅಳೆದವರಲ್ಲಿ ಇಬ್ಬರು ಮುಖ್ಯ. ಒಂದು, 2001ರ ಕೊನೆಯಲ್ಲಿ ಹಾರಿದ ಟೈಮ್ಡ್ ಉಪಗ್ರಹದ ಸೇಬರ್ ಉಪಕರಣ. ಎರಡು ವರ್ಷದ ಕೆಲಸಕ್ಕೆಂದು ಮಾಡಿದ್ದು, ಎರಡು ದಶಕ ದಾಟಿ ದುಡಿಯಿತು. ಇನ್ನೊಂದು, 2004ರಲ್ಲಿ ಹಾರಿದ ಔರಾ ಉಪಗ್ರಹದ ಮೈಕ್ರೋವೇವ್ ಉಪಕರಣ. ಔರಾದ ಇಂಧನ ತಳ ಹತ್ತಿದೆ. ಉಲ್ಕಾ ರಾಡಾರ್‌ಗಳ ಎಷ್ಟೋ ತಾಪಮಾನ ಸರಣಿಗಳು ಈ ಎರಡರ ಅಂಕಿಗಳಿಗೆ ಹೊಂದಿಸಿಕೊಂಡು ನಿಂತಿವೆ. ಇವು ನಿಂತರೆ, ಇಂಥದ್ದೇ ಅಳತೆಯನ್ನು ಮುಂದುವರಿಸಲು ತಯಾರಾಗಿ ನಿಂತಿರುವ ಉಪಗ್ರಹಗಳ ಸಾಲೇನೂ ಇಲ್ಲ.

ಅಂದರೆ ರಾಡಾರ್ ಕೆಲಸಕ್ಕೆ ಬಾರದಾಗುತ್ತದೆಯೇ? ಇಲ್ಲ. ಯೋಚಿಸಿ ನೋಡಿ. ಕೈಗಡ ತಂದ ಅಂಕಿಯಲ್ಲಿ ತಪ್ಪಿದ್ದರೂ ಆ ತಪ್ಪು ವರ್ಷದಿಂದ ವರ್ಷಕ್ಕೆ ಒಂದೇ ಆಗಿದ್ದರೆ, ಬದಲಾವಣೆಯ ಲೆಕ್ಕ ಹೆಚ್ಚು ಕೆಡುವುದಿಲ್ಲ. ಗೋಡೆ ಗಡಿಯಾರ ಐದು ನಿಮಿಷ ಮುಂದಿದ್ದರೂ ಒಂದು ಗಂಟೆ ಕಳೆದದ್ದನ್ನು ಸರಿಯಾಗಿಯೇ ಹೇಳುತ್ತದೆ. ಉಲ್ಕೆಯ ಗೆರೆ ಮಾಸುವ ಸಮಯವನ್ನಂತೂ ರಾಡಾರ್ ಯಾರ ಹಂಗೂ ಇಲ್ಲದೆ ಅಳೆಯುತ್ತದೆ. ಆ ಸಮಯದ ದಾಖಲೆ ಕಚ್ಚಾ ರೂಪದಲ್ಲೇ ಉಳಿದಿದ್ದರೆ, ನಾಳೆ ಒಳ್ಳೆಯ ಒತ್ತಡದ ಅಂಕಿ ಸಿಕ್ಕಾಗ ಇಡೀ ಸರಣಿಯನ್ನು ಮತ್ತೆ ಲೆಕ್ಕ ಹಾಕಬಹುದು. ಬರೀ ತಾಪಮಾನ ಬರೆದಿಟ್ಟು ಕಚ್ಚಾ ದಾಖಲೆ ಎಸೆದರೆ ಆ ಬಾಗಿಲು ಮುಚ್ಚಿತು.

ಒಂದು ಅಪಾಯ ಮಾತ್ರ ಉಳಿಯುತ್ತದೆ. ವಾಯುಮಂಡಲ ಕುಗ್ಗಿದಂತೆ 90 ಕಿಲೋಮೀಟರ್‌ನ ಒತ್ತಡವೂ ಮೆಲ್ಲಗೆ ಬದಲಾಗುತ್ತದೆ. ಹಳೆಯ ಒತ್ತಡದ ಅಂಕಿಯನ್ನೇ ಹಿಡಿದು ಕೂತರೆ ಆ ಬದಲಾವಣೆ ತಾಪಮಾನದ ವೇಷ ಹಾಕಿಕೊಂಡು ಬರುತ್ತದೆ. ಹಾಗಾಗಿ ಉಪಗ್ರಹಗಳಿಲ್ಲದ ಕಾಲಕ್ಕೆ ಬೇರೆ ಕೈಗಡ ಹುಡುಕಿಕೊಳ್ಳಲೇಬೇಕು. ಲೇಸರ್ ಕಿರಣದಿಂದ ಸೋಡಿಯಂ ಪದರದ ತಾಪಮಾನ ಅಳೆಯುವವರಿದ್ದಾರೆ. ರಾತ್ರಿ ಆಕಾಶದ ಮಂದ ಹೊಳಪಿನ ಬಣ್ಣ ಬಿಡಿಸಿ 87 ಕಿಲೋಮೀಟರ್ ಸುತ್ತಮುತ್ತಲಿನ ತಾಪಮಾನ ಹೇಳುವವರಿದ್ದಾರೆ. ಅವರ ಉಪಕರಣಗಳಿಗೆ ತಿಳಿಯಾದ ಆಕಾಶ ಬೇಕು, ಹೆಚ್ಚಾಗಿ ರಾತ್ರಿಯೇ ಆಗಬೇಕು. ರಾಡಾರ್‌ಗೆ ಅದಾವುದೂ ಬೇಡ, ಆದರೆ ಅಂಕಿ ಬೇಕು. ಇವುಗಳನ್ನು ಒಂದೇ ಅಂಗಳದಲ್ಲಿ ಜೊತೆಗೆ ಇಡುವುದು ಭಾರೀ ಖರ್ಚಿನ ಕೆಲಸವಲ್ಲ. ಒಂದು ಉಪಗ್ರಹದ ಖರ್ಚಿನ ಮುಂದೆ ಅದು ಏನೇನೂ ಅಲ್ಲ.

ದೊಡ್ಡ ರಾಡಾರ್‌ಗಳ ವಿಷಯದಲ್ಲಿ ನಾವು ಈಗಾಗಲೇ ಪೆಟ್ಟು ತಿಂದಿದ್ದೇವೆ. 2020ರ ಡಿಸೆಂಬರ್ 1ರಂದು ಅರೆಸಿಬೊದಲ್ಲಿ ತಟ್ಟೆಯ ಮೇಲೆ ತೂಗುಹಾಕಿದ್ದ 900 ಟನ್ ವೇದಿಕೆ ಕಳಚಿ ಬಿತ್ತು. ಅದಕ್ಕೂ ಮೊದಲೇ ಎರಡು ಕೇಬಲ್‌ಗಳು ಕೈಕೊಟ್ಟಿದ್ದವು. 1960ರ ದಶಕದಿಂದ ಆ ಜಾಗದ ಮೇಲಿನ ಅಯಾನುಗೋಳವನ್ನು ಕೇಳುತ್ತಿದ್ದ ಕಿವಿ ಅವತ್ತು ಹೋಯಿತು. ಅಷ್ಟು ಹಳೆಯ ದಾಖಲೆ ಇರುವ ರಾಡಾರ್‌ಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟೇ. ಈಗ ನಾರ್ವೆಯ ಸ್ಕಿಬಾಟ್ನ್ ಎಂಬಲ್ಲಿ ಸುಮಾರು ಹತ್ತು ಸಾವಿರ ಚಿಕ್ಕ ಆಂಟೆನಾಗಳನ್ನು ಸಾಲಾಗಿ ನೆಟ್ಟು ಐಸ್ಕ್ಯಾಟ್‌ನ ಹೊಸ ರಾಡಾರ್ ಕಟ್ಟಿದ್ದಾರೆ. 233 ಮೆಗಾಹರ್ಟ್ಸ್ ಅದರ ಕಂಪನ. ಅದರಲ್ಲಿ ತಿರುಗುವ ತಟ್ಟೆಯಿಲ್ಲ, ಅಲೆಗಳ ತಾಳವನ್ನು ಹೊಂದಿಸಿಯೇ ನೋಟವನ್ನು ಕ್ಷಣಾರ್ಧದಲ್ಲಿ ತಿರುಗಿಸುತ್ತದೆ. ಕೆಲವು ಆಂಟೆನಾ ಕೆಟ್ಟರೂ ಕೆಲಸ ನಿಲ್ಲುವುದಿಲ್ಲ.

ಸ್ವಾಲ್ಬಾರ್ಡ್‌ನ ಉಲ್ಕಾ ರಾಡಾರ್ ಶುರುವಾದ ಮೇಲೆ ಸೂರ್ಯನ ಎರಡು ಸುತ್ತು ಕಳೆದಿವೆ. ಆ 22 ವರ್ಷದ ಗೆರೆ ಈಗ ಕೈಯಲ್ಲಿದೆ. ಇವತ್ತು ಬೆಳಗಿನ ಜಾವವೂ ಎಲ್ಲೋ ಒಂದು ಧೂಳು ಉರಿದು, ಅದರ ಗೆರೆ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮಾಸಿ, ಆ ದಾಖಲೆಗೆ ಇನ್ನೊಂದು ಸಾಲು ಸೇರಿರುತ್ತದೆ.